ಗ್ಯಾರೇಜಿಗೆ ಕಾರು ಬಿಡುವ ಮುಂಚೆ, ಬಿಟ್ಟ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ವರ್ಷ ನಾನು ಬೆಂಗಳೂರಿನ ಒಂದು ಕಂಪನಿ ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್, ಅಂದರೆ ಕಾರು ತಂದವರ ಹತ್ತಿರ ಮಾತಾಡಿ ಕೆಲಸ ಬರೆದುಕೊಳ್ಳುವವನು, ಆಗಿದ್ದೆ. ಈಗ ತುಮಕೂರಿನಲ್ಲಿ ನನ್ನದೇ ಸಣ್ಣ ಗ್ಯಾರೇಜು ಇದೆ. ಎರಡು ಲಿಫ್ಟ್, ನಾಲ್ಕು ಜನ ಹುಡುಗರು. ಕಾರಿನವರ ಸಿಟ್ಟನ್ನೂ ನೋಡಿದ್ದೇನೆ, ಮೆಕ್ಯಾನಿಕ್‌ಗಳ ಬೇಸರವನ್ನೂ ನೋಡಿದ್ದೇನೆ. ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ನೇರವಾಗಿ ಹೇಳಿ, ಗ್ಯಾರೇಜಿನವರು ಮೋಸ ಮಾಡ್ತಾರಾ?

ಕೆಲವರು ಮಾಡುತ್ತಾರೆ. ಹಾಕದ ಪಾರ್ಟ್‌ಗೆ ಬಿಲ್ ಬರೆಯುವವರಿದ್ದಾರೆ, ಡೂಪ್ಲಿಕೇಟ್ ಹಾಕಿ ಒರಿಜಿನಲ್ ರೇಟ್ ತೆಗೆದುಕೊಳ್ಳುವವರಿದ್ದಾರೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಮೋಸದಿಂದ ಹುಟ್ಟಿದ್ದಲ್ಲ. ಬಾನೆಟ್ ತೆಗೆಯುವ ಮುಂಚೆ ಆಡಬೇಕಾದ ಮಾತನ್ನು ಇಬ್ಬರೂ ಆಡದೇ ಇದ್ದದ್ದರಿಂದ ಹುಟ್ಟಿದ್ದು.

ಇನ್ನೊಂದು ಕಾರಣ ಹೇಳಬೇಕು. ನಮ್ಮಲ್ಲಿ ಜನ ಪಾರ್ಟ್‌ಗೆ ದುಡ್ಡು ಕೊಡುತ್ತಾರೆ, ಕೆಲಸಕ್ಕೆ ಕೊಡಲು ಮನಸ್ಸು ಮಾಡುವುದಿಲ್ಲ. ಮೆಕ್ಯಾನಿಕ್ ಎರಡು ಗಂಟೆ ತಲೆ ಕೆಡಿಸಿಕೊಂಡು, ಸಡಿಲವಾದ ಒಂದು ಅರ್ತ್ ವೈರ್ ಹುಡುಕಿ ಬಿಗಿ ಮಾಡುತ್ತಾನೆ. 800 ರೂಪಾಯಿ ಕೇಳಿದರೆ 'ಏನೂ ಹಾಕೇ ಇಲ್ವಲ್ಲ, ಇದಕ್ಯಾಕೆ ಅಷ್ಟು?' ಎನ್ನುತ್ತಾರೆ. ಅದೇ ಮೆಕ್ಯಾನಿಕ್ 4,000 ರೂಪಾಯಿಯ ಸೆನ್ಸರ್ ಬದಲಿಸಿದ್ದರೆ ಸುಮ್ಮನೆ ಕೊಟ್ಟು ಹೋಗುತ್ತಿದ್ದರು. ಹೀಗೆ ನಾಲ್ಕು ಸಲ ಆದರೆ ಮೆಕ್ಯಾನಿಕ್ ಏನು ಕಲಿಯುತ್ತಾನೆ ಹೇಳಿ? ಬುದ್ಧಿ ಖರ್ಚು ಮಾಡಿದರೆ ಹೊಟ್ಟೆ ತುಂಬುವುದಿಲ್ಲ, ಪಾರ್ಟ್ ಬದಲಿಸಿದರೆ ತುಂಬುತ್ತದೆ ಅಂತ. ಈ ಒಂದು ಅಭ್ಯಾಸ ಬದಲಾದರೆ ಅರ್ಧ ಗೋಳು ತಪ್ಪುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಚೆಕ್ ಮಾಡಿದ್ದಕ್ಕೂ ಚಾರ್ಜ್ ಕೊಡಿ. ಆಮೇಲೆ 'ಯಾಕೆ ಬದಲಿಸಬೇಕು ಅಂತ ತೋರಿಸಿ' ಎಂದು ಧೈರ್ಯವಾಗಿ ಕೇಳಿ.

ಎಸ್ಟಿಮೇಟ್ ಆರು ಸಾವಿರ ಅಂದ್ರು, ಬಿಲ್ ಹನ್ನೊಂದು ಸಾವಿರ ಆಯ್ತು. ಯಾಕೆ ಹೀಗೆ?

ಕೆಲವು ಕೆಲಸಗಳಲ್ಲಿ ಬಿಚ್ಚಿದ ಮೇಲೇ ಗೊತ್ತಾಗುವುದು. ಕ್ಲಚ್ ಪ್ಲೇಟ್ ಸವೆದಿದೆ ಎಂದು ಗೇರ್‌ಬಾಕ್ಸ್ ಇಳಿಸುತ್ತೇವೆ. ಪ್ರೆಶರ್ ಪ್ಲೇಟ್ ಬಿಸಿಗೆ ನೀಲಿಗಟ್ಟಿರುತ್ತದೆ, ರಿಲೀಸ್ ಬೇರಿಂಗ್ ಕರಕರ ಅನ್ನುತ್ತಿರುತ್ತದೆ. ಬರೀ ಪ್ಲೇಟ್ ಹಾಕಿ ಮುಚ್ಚಿದರೆ ಮೂರು ತಿಂಗಳಿಗೆ ಬೇರಿಂಗ್ ಹೋಗಿ, ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಅದೇ ಲೇಬರ್ ಎರಡು ಸಲ. ಅದಕ್ಕೇ ಮೂರನ್ನೂ ಸೆಟ್ ಆಗಿ ಬದಲಿಸಿ ಎನ್ನುವುದು. ಟೈಮಿಂಗ್ ಬೆಲ್ಟ್ ಬಿಚ್ಚಿದಾಗ ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೂಡ ಹಾಕಿಸಿ ಎನ್ನುವುದಕ್ಕೂ ಇದೇ ಕಾರಣ.

ಆದರೆ ಬಿಚ್ಚಿದ ಮೇಲೆ ಗೊತ್ತಾದದ್ದನ್ನು ನಿಮಗೆ ಫೋನ್ ಮಾಡಿ ಹೇಳದೆ ಹಾಕುವುದು ತಪ್ಪು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಾರು ಬಿಡುವಾಗ ಜಾಬ್ ಕಾರ್ಡ್ (ಗ್ಯಾರೇಜಿನವರು ಕೆಲಸ ಬರೆದುಕೊಳ್ಳುವ ಚೀಟಿ) ಮೇಲೆ ಒಂದು ಸಾಲು ಬರೆಸಿ: 'ಎಸ್ಟಿಮೇಟ್‌ಗಿಂತ 500 ರೂಪಾಯಿ ಜಾಸ್ತಿ ಆದರೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಬೇಕು.' ಸಣ್ಣ ಗ್ಯಾರೇಜಾದರೆ ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸಿ. ಆ ಮೆಸೇಜೇ ನಾಳೆ ನಿಮ್ಮ ದಾಖಲೆ.

ಮತ್ತೆ, ಫೋನ್ ಎತ್ತಿ. ಕಾರು ಲಿಫ್ಟ್ ಮೇಲಿರುತ್ತದೆ, ಒಪ್ಪಿಗೆ ಬೇಕು, ಐದು ಸಲ ಫೋನ್ ಮಾಡಿದರೂ ಉತ್ತರ ಇರುವುದಿಲ್ಲ. ಸಂಜೆ ಬಂದು 'ಇನ್ನೂ ಆಗಿಲ್ವಾ?' ಎಂದು ಕೂಗಾಡುತ್ತಾರೆ. ಮೀಟಿಂಗ್ ಇದ್ದರೆ ಯಾವಾಗ ಸಿಗುತ್ತೀರಿ ಅಂತ ಬೆಳಿಗ್ಗೆಯೇ ಹೇಳಿಬಿಡಿ.

ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಎಂಜಿನ್ ಫ್ಲಶ್, ಎಸಿ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್ ಅಂತ ಸೇರಿಸ್ತಾರೆ. ಬೇಕಾ?

ಹೆಚ್ಚಿನ ಸಲ ಬೇಕಿಲ್ಲ. ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಅಡ್ವೈಸರ್‌ಗೆ ತಿಂಗಳಿಗೆ ಇಷ್ಟು ಮಾರಬೇಕು ಅಂತ ಟಾರ್ಗೆಟ್ ಇರುತ್ತದೆ. ನನಗೂ ಇತ್ತು. ತಿಂಗಳ ಕೊನೆಯ ವಾರ ಬಂದ ಒಬ್ಬರು ನಿವೃತ್ತ ಮೇಷ್ಟ್ರಿಗೆ, ಅವರ ಕಾರಿಗೆ ಬೇಕಿಲ್ಲದ ಇಂಜೆಕ್ಟರ್ ಕ್ಲೀನಿಂಗ್ ಮಾರಿದ್ದೆ. ಅವರು ಏನೂ ಕೇಳದೆ ಸಹಿ ಹಾಕಿ, 'ನೀವು ಹೇಳಿದ ಮೇಲೆ ಸರಿ ಇರುತ್ತೆ ಬಿಡಪ್ಪ' ಎಂದಿದ್ದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಕೇಳಬೇಕಾದ ಪ್ರಶ್ನೆ ಒಂದೇ: 'ಇದು ಕಾರಿನ ಜೊತೆ ಬಂದ ಮ್ಯಾನುಯಲ್‌ನಲ್ಲಿ ಇದೆಯಾ? ಯಾವ ಪುಟ?' ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಫ್ಲೂಯಿಡ್ ಯಾವಾಗ ಬದಲಿಸಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಬರೆಯದಿದ್ದರೆ, ಮತ್ತು ಕಾರಿನಲ್ಲಿ ತೊಂದರೆಯೂ ಇಲ್ಲದಿದ್ದರೆ, ಬೇಡ ಅನ್ನಿ. ಊರು ನೋಡಿಯೂ ತೀರ್ಮಾನ ಮಾಡಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಗೆ ತಳ ತುಕ್ಕು ಹಿಡಿಯುತ್ತದೆ. ಅಲ್ಲಿ ಅಂಡರ್‌ಬಾಡಿ ಕೋಟಿಂಗ್‌ಗೆ ಅರ್ಥವಿದೆ. ನಮ್ಮ ತುಮಕೂರು, ಚಿತ್ರದುರ್ಗದ ಒಣ ಹವೆಗೆ ಪ್ರತಿ ವರ್ಷ ಅದನ್ನು ಬಳಿಸುವ ಅಗತ್ಯ ನನಗೆ ಕಂಡಿಲ್ಲ.

ಪಾರ್ಟ್ ನಿಜವಾಗಿ ಬದಲಿಸಿದ್ದಾರೆ ಅಂತ ಹೇಗೆ ತಿಳಿಯೋದು?

ಹಳೆಯದನ್ನು ವಾಪಸ್ ಕೇಳಿ. ಕಾರು ಬಿಡುವಾಗಲೇ 'ಹಳೇ ಪಾರ್ಟ್ ಡಿಕ್ಕಿಯಲ್ಲಿ ಇಟ್ಟುಬಿಡಿ' ಅನ್ನಿ. ಕೊನೆಯಲ್ಲಿ ಕೇಳಿದರೆ ಗುಜರಿ ಡಬ್ಬಕ್ಕೆ ಹೋಗಿರುತ್ತದೆ, ಆಮೇಲೆ ಅನುಮಾನ ಬೆಳೆಯುತ್ತದೆ. ಒಂದು ವಿಷಯ ನೆನಪಿಡಿ. ವಾರಂಟಿಯಲ್ಲಿ ಬದಲಾದ ಪಾರ್ಟ್ ಕಂಪನಿಗೆ ವಾಪಸ್ ಹೋಗಬೇಕಾಗುತ್ತದೆ. ಇನ್ಶೂರೆನ್ಸ್ ಕೆಲಸದಲ್ಲಿ ಹಳೇ ಪಾರ್ಟ್‌ಗೂ ಬೆಲೆ ಕಟ್ಟುತ್ತಾರೆ. ಹಳೇ ಬ್ಯಾಟರಿ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಅಂಥವನ್ನು ಮನೆಗೆ ಕೊಡಲಿಲ್ಲ ಅಂದರೆ ಅದು ಮೋಸವಲ್ಲ.

ಹೊಸ ಆಯಿಲ್ ವಾರಕ್ಕೇ ಕಪ್ಪಾಯ್ತು, ಹಾಕೇ ಇಲ್ಲ ಅಂತ ಬರುವವರು ತುಂಬಾ ಜನ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಗುತ್ತದೆ. ಉರಿದ ಮಸಿಯನ್ನು ಎಳೆದುಕೊಳ್ಳುವುದೇ ಅದರ ಕೆಲಸ. ಬಣ್ಣ ನೋಡಿ ತೀರ್ಪು ಕೊಡಬೇಡಿ. ಅದರ ಬದಲು ಸೀಲ್ ಒಡೆಯುವಾಗ ಎದುರಿಗೆ ನಿಲ್ಲಿ, ಡಬ್ಬದ ಮೇಲಿನ ಗ್ರೇಡ್ ನೋಡಿ. ಮ್ಯಾನುಯಲ್‌ನಲ್ಲಿ 0ಡಬ್ಲ್ಯು-20 ಅಂತ ಇದ್ದರೆ ಅದೇ ಬೇಕು. ಹೊಸ ಆಯಿಲ್ ಫಿಲ್ಟರ್‌ನ ಫೋಟೊ ತೆಗೆದುಕೊಳ್ಳಿ. ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬಹಳಷ್ಟು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಅದನ್ನು ಮನೆಯಲ್ಲೇ ಐದು ನಿಮಿಷದಲ್ಲಿ ತೆಗೆದು ನೋಡಬಹುದು.

ಒರಿಜಿನಲ್, ಓಇಎಂ, ಡೂಪ್ಲಿಕೇಟ್. ಏನಿದು ವ್ಯತ್ಯಾಸ?

ಕಾರು ಕಂಪನಿ ತನ್ನ ಹೆಸರಿನ ಬಾಕ್ಸ್‌ನಲ್ಲಿ ಮಾರುವುದನ್ನು ಜನ ಒರಿಜಿನಲ್ ಅನ್ನುತ್ತಾರೆ. ಆದರೆ ಎಷ್ಟೋ ಪಾರ್ಟ್‌ಗಳನ್ನು ಕಾರು ಕಂಪನಿ ತಾನೇ ಮಾಡುವುದಿಲ್ಲ, ಬೇರೆ ಕಾರ್ಖಾನೆಗಳಿಂದ ತರಿಸುತ್ತದೆ. ಅದೇ ಕಾರ್ಖಾನೆಯವರು ಅದೇ ಮಾಲನ್ನು ತಮ್ಮ ಹೆಸರಿನ ಬಾಕ್ಸ್‌ನಲ್ಲಿ ಅಂಗಡಿಗೂ ಕೊಡುತ್ತಾರೆ. ಇದನ್ನೇ ನಾವು ಓಇಎಂ ಅನ್ನೋದು. ಬೆಲೆ ಕಮ್ಮಿ ಇರುತ್ತದೆ, ಗುಣ ಚೆನ್ನಾಗಿರುತ್ತದೆ. ಇವೆರಡರ ಹೆಸರನ್ನು ಕದ್ದು ಮಾಡಿದ್ದು ಡೂಪ್ಲಿಕೇಟ್.

ಬಾಕ್ಸ್ ನೋಡಿ. ತಯಾರಕರ ಹೆಸರು, ವಿಳಾಸ, ತಿಂಗಳು, ಎಂಆರ್‌ಪಿ, ದೂರು ಹೇಳುವ ನಂಬರ್ ಇರಲೇಬೇಕು. ಬಿಲ್‌ನಲ್ಲಿ ಪಾರ್ಟ್ ನಂಬರ್ ಬರೆಸಿ. ಬ್ರೇಕ್ ಪ್ಯಾಡ್, ಸ್ಟೀರಿಂಗ್, ಸಸ್ಪೆನ್ಷನ್, ಟೈಮಿಂಗ್ ಬೆಲ್ಟ್, ಆಯಿಲ್ ಫಿಲ್ಟರ್ ಇವುಗಳಲ್ಲಿ ಅಗ್ಗ ಹುಡುಕಬೇಡಿ. ಮಡ್ ಫ್ಲ್ಯಾಪ್, ಡೋರ್ ಬೀಡಿಂಗ್ ಇಂಥದ್ದಕ್ಕೆ ಏನು ಹಾಕಿದರೂ ಜೀವಕ್ಕೆ ಅಪಾಯವಿಲ್ಲ.

ನಾನೇ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯಿಂದ ಪಾರ್ಟ್ ತಂದುಕೊಟ್ಟರೆ ಆಗುತ್ತಾ?

ಆಗುತ್ತದೆ, ಮುಂಚೆ ಹೇಳಿ ತನ್ನಿ. ಆದರೆ ಎರಡು ತೊಂದರೆ. ಒಂದೇ ಮಾಡೆಲ್ಲಿಗೆ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಪಾರ್ಟ್ ಇರುತ್ತದೆ. ಛಾಸಿ ನಂಬರ್ ಕೊಡದೆ ತಂದರೆ ಕೂರದೇ ಇರಬಹುದು, ಅಷ್ಟೊತ್ತಿಗೆ ಕಾರು ಬಿಚ್ಚಿಯಾಗಿರುತ್ತದೆ. ಎರಡನೆಯದು, ನೀವು ತಂದ ಪಾರ್ಟ್ ತಿಂಗಳಿಗೆ ಕೆಟ್ಟರೆ ಗ್ಯಾರೇಜಿನವರು ಹೊಣೆ ಹೊರುವುದಿಲ್ಲ, ಮತ್ತೆ ಲೇಬರ್ ಕೊಡಬೇಕು. ನನ್ನ ಗ್ಯಾರೇಜಿನಲ್ಲಿ ಪಾರ್ಟ್ ಹೊರಗಿನಿಂದ ಬಂದರೆ ಲೇಬರ್ ಸ್ವಲ್ಪ ಜಾಸ್ತಿ. ಅದನ್ನು ಮೊದಲೇ ಹೇಳುತ್ತೇನೆ.

ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಗುತ್ತೆ ಅಂತ ಹೆದರಿಸ್ತಾರೆ. ನಿಜಾನಾ?

ಈ ಜಗಳ ದೆಹಲಿಯವರೆಗೂ ಹೋಗಿತ್ತು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿ ಭಾಗಗಳು, ರಿಪೇರಿ ಮಾಹಿತಿ, ತಪಾಸಣೆಯ ಸಾಧನಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಕಾರಣ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎನ್ನುವ ಷರತ್ತು ಹಾಕಬಾರದು ಎಂದೂ ಆ ಆದೇಶ ಹೇಳಿತ್ತು. ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಗೆ ಮಾತ್ರ ಕಂಪನಿ ಇಲ್ಲ ಅನ್ನಬಹುದು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಅದರಲ್ಲಿ ವಾಹನಗಳೂ ಇವೆ.

ಹಕ್ಕಿನ ಮಾತು ಇದಾಯಿತು. ನಾನು ಗ್ಯಾರೇಜು ಇಟ್ಟುಕೊಂಡೂ ಹೇಳುವುದೇನೆಂದರೆ, ವಾರಂಟಿ ಇರುವ ತನಕ ಆಯಿಲ್ ಸರ್ವಿಸನ್ನು ಕಂಪನಿಯಲ್ಲೇ ಮಾಡಿಸಿ. ನಾಳೆ ಎಂಜಿನ್ ಕೈಕೊಟ್ಟರೆ ದಾಖಲೆ ಅವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ವಾದವೇ ಬರುವುದಿಲ್ಲ. ಟೈರ್, ಅಲೈನ್‌ಮೆಂಟ್, ವೈಪರ್, ಸಣ್ಣ ಡೆಂಟ್ ಇವುಗಳಿಗೆ ಹೊರಗೆ ಹೋಗಿ.

ಸ್ಕ್ಯಾನ್ ಮಾಡಿದ್ರು, ಸೆನ್ಸರ್ ಹಾಕಿದ್ರು, ಆದ್ರೂ ಎಂಜಿನ್ ಲೈಟ್ ಹೋಗಿಲ್ಲ. ದುಡ್ಡು ವಾಪಸ್ ಕೇಳಲಾ?

ಕೇಳಬಹುದು. ಆದರೆ ಏನಾಗಿದೆ ಅಂತ ಮೊದಲು ತಿಳಿದುಕೊಳ್ಳಿ. ಸ್ಕ್ಯಾನರ್ ಕೊಡುವುದು ಒಂದು ಕೋಡ್. ಉದಾಹರಣೆಗೆ ಪಿ0171 ಬಂತು ಅನ್ನಿ. ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಹೋಗುತ್ತಿದೆ ಅಂತ ಅದರ ಅರ್ಥ. ಯಾಕೆ ಅಂತ ಅದು ಹೇಳುವುದಿಲ್ಲ. ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟಿರಬಹುದು, ಪೆಟ್ರೋಲ್ ಪಂಪ್ ಸೋತಿರಬಹುದು, ಗಾಳಿ ಅಳೆಯುವ ಸೆನ್ಸರ್‌ಗೆ ಕೊಳೆ ಹಿಡಿದಿರಬಹುದು. ಡಾಕ್ಟರ ಹತ್ತಿರ ಹೋಗಿ ಜ್ವರ ಬಂದಿದೆ ಅಂದ ಹಾಗೆ, ಜ್ವರ ಯಾವುದರಿಂದ ಅಂತ ಹುಡುಕುವುದು ಬೇರೆಯದೇ ಕೆಲಸ. ಕೋಡ್ ನೋಡಿದ ತಕ್ಷಣ ಸೆನ್ಸರ್ ಬದಲಿಸುವವನು ಅಂದಾಜಿನ ಮೇಲೆ ನಿಮ್ಮ ದುಡ್ಡು ಖರ್ಚು ಮಾಡುತ್ತಿದ್ದಾನೆ. 'ಇದೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು? ಯಾವ ಟೆಸ್ಟ್ ಮಾಡಿದ್ರಿ?' ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಶಬ್ದದ ಕಂಪ್ಲೇಂಟ್ ಆದರೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಬರುತ್ತೆ ಅನ್ನುವುದಾದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಇಲ್ಲವೇ ಹಿಂದಿನ ರಾತ್ರಿಯೇ ಕಾರು ತಂದು ನಿಲ್ಲಿಸಿ. 'ಏನೋ ಸೌಂಡ್ ಬರ್ತಿದೆ, ಸುಮ್ನೆ ಒಂದ್ಸಲ ನೋಡಿ' ಎಂದು ಕೀ ಎಸೆದು ಹೋದರೆ ನಾವು ಕತ್ತಲಲ್ಲಿ ಹುಡುಕಿದ ಹಾಗೆ.

ನಾನು ಹೆಂಗಸು. ನನಗೆ ಗೊತ್ತಾಗಲ್ಲ ಅಂತ ಜಾಸ್ತಿ ಹೇಳ್ತಾರಾ?

ಹೇಳುವವರಿದ್ದಾರೆ. ಅದಕ್ಕಿಂತ ಹೆಚ್ಚು ನೋಯಿಸುವುದು ಇನ್ನೊಂದು: ಕಾರು ನಿಮ್ಮದು, ಓಡಿಸುವುದು ನೀವು, ಆದರೂ 'ಮೇಡಂ, ಸಾರ್‌ಗೆ ಫೋನ್ ಕೊಡಿ' ಎನ್ನುತ್ತಾರೆ. ಅಂಥ ಕಡೆ 'ನನ್ನ ಹತ್ತಿರವೇ ಮಾತಾಡಿ, ನಾನೇ ತೀರ್ಮಾನ ಮಾಡೋದು' ಎಂದುಬಿಡಿ. ಕೆಟ್ಟದ್ದನ್ನು ಕಣ್ಣಿಗೆ ತೋರಿಸಲು ಹೇಳಿ. ಸವೆದ ಬ್ರೇಕ್ ಪ್ಯಾಡ್ ತೋರಿಸಲು ಇಂಜಿನಿಯರಿಂಗ್ ಓದು ಬೇಕಿಲ್ಲ. ಪ್ಯಾಡ್ ಮೂರು ಮಿಲಿಮೀಟರ್‌ಗೆ ಬಂದಿದ್ದರೆ ಬದಲಿಸಬೇಕು, ಯಾರ ಕಣ್ಣಿಗಾದರೂ ಕಾಣುತ್ತದೆ. ತೋರಿಸಲು ಬೇಸರ ಪಡುವವರ ಹತ್ತಿರ ಮತ್ತೆ ಹೋಗಬೇಡಿ.

ಇನ್ಶೂರೆನ್ಸ್ ಇದೆ. ಆದ್ರೂ ಕೈಯಿಂದ ಯಾಕೆ ಕೊಡಬೇಕು?

ಇದರಲ್ಲಿ ಗ್ಯಾರೇಜಿನವರು ಬೈಸಿಕೊಳ್ಳುತ್ತಾರೆ, ಲೆಕ್ಕ ಮಾತ್ರ ಪಾಲಿಸಿಯದು. ಸಾಮಾನ್ಯ ಪಾಲಿಸಿಯಲ್ಲಿ ಸವಕಳಿ, ಅಂದರೆ ಪಾರ್ಟ್ ಬಳಸಿ ಹಳೆಯದಾದ ಲೆಕ್ಕದ ಮೊತ್ತ, ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50 ಪರ್ಸೆಂಟ್. ಗಾಜಿಗೆ ಏನೂ ಕಳೆಯುವುದಿಲ್ಲ. ಕಬ್ಬಿಣದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ. ನಾಲ್ಕೂವರೆ ವರ್ಷದ ಕಾರಿಗೆ 10,000 ರೂಪಾಯಿಯ ಬಾಗಿಲು ಬದಲಿಸಿದರೆ 35 ಪರ್ಸೆಂಟ್, ಅಂದರೆ 3,500 ನಿಮ್ಮದು. 6,000ದ ಬಂಪರ್‌ನಲ್ಲಿ 3,000 ನಿಮ್ಮದು. ಅದರ ಮೇಲೆ 1500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ಕಡ್ಡಾಯ ಕಡಿತ. ಬಂಪರ್ ಟು ಬಂಪರ್ ಪಾಲಿಸಿ ತೆಗೆದುಕೊಂಡಿದ್ದರೆ ಸವಕಳಿ ಇಲ್ಲ, ಕಡ್ಡಾಯ ಕಡಿತ ಇದ್ದೇ ಇದೆ.

ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ. ಮೂರು ವರ್ಷ ಕ್ಲೇಮ್ ಇಲ್ಲದಿದ್ದರೆ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಇರುತ್ತದೆ. ಒಂದು ಬಂಪರ್ ಪೇಂಟಿಗಾಗಿ ಅದನ್ನು ಕಳೆದುಕೊಳ್ಳುತ್ತೀರಿ. 'ಹಳೇ ಡೆಂಟನ್ನೂ ಇದರಲ್ಲೇ ಸೇರಿಸಿಬಿಡಿ' ಎಂದು ನಮ್ಮನ್ನು ಕೇಳಬೇಡಿ. ನಿಮಗೋಸ್ಕರ ಇನ್ಶೂರೆನ್ಸ್‌ಗೆ ಸುಳ್ಳು ಬರೆಯುವ ಗ್ಯಾರೇಜು ನಾಳೆ ನಿಮ್ಮ ಬಿಲ್‌ನಲ್ಲೂ ಬರೆಯುತ್ತದೆ.

ಮಳೆ ನೀರಲ್ಲಿ ಕಾರು ನಿಂತುಹೋಯ್ತು. ಏನು ಮಾಡಲಿ?

ಸ್ಟಾರ್ಟ್ ಮಾಡಬೇಡಿ. ಒಂದು ಸಲವೂ ಬೇಡ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲು ಆಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದಾಗ ಎಷ್ಟೋ ಜನಕ್ಕೆ ಈ ವಿಷಯ ಮೊದಲ ಸಲ ಗೊತ್ತಾಯಿತು. ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿ ಕೆಡಿಸಿದ ಎಂಜಿನ್‌ಗೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಸೇರಿಸಿರಬೇಕು. ಬ್ಯಾಟರಿ ವೈರ್ ತೆಗೆದು, ಟೋ ಮಾಡಿಸಿ ತನ್ನಿ.

ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಅಂತಾರೆ. ಒಪ್ಪಿಕೊಳ್ಳಲಾ?

ಬೇಡ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿ ಭಾಗಗಳಿಗೆ 18 ಪರ್ಸೆಂಟ್ ಜಿಎಸ್‌ಟಿ. ಮುಂಚೆ ಹಲವಕ್ಕೆ 28 ಇತ್ತು. ಆ ದುಡ್ಡು ಉಳಿಸಲು ಹೋಗಿ ಬಿಲ್ ಬಿಟ್ಟರೆ ನಿಮ್ಮ ಕೈಯಲ್ಲಿ ವಾರಂಟಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಕೇಳಿದರೂ ಬಿಲ್ ಕೊಡದಿರುವುದು ಗ್ರಾಹಕ ಕಾಯ್ದೆಯ ಪ್ರಕಾರವೇ ಅನ್ಯಾಯದ ವ್ಯಾಪಾರ.

ಹಾಗೆಯೇ ಸಣ್ಣ ಗ್ಯಾರೇಜುಗಳಿಗೆ ಜಿಎಸ್‌ಟಿ ನೋಂದಣಿ ಇಲ್ಲದೇ ಇರಬಹುದು. ಅದು ತಪ್ಪಲ್ಲ. ಅವರು ಜಿಎಸ್‌ಟಿ ಸೇರಿಸದೆ ಮಾಮೂಲಿ ಬಿಲ್ ಕೊಡಬೇಕು ಅಷ್ಟೆ. ನಂಬರ್ ಇಲ್ಲದೆ ಜಿಎಸ್‌ಟಿ ಸೇರಿಸಿದ್ದರೆ ಪ್ರಶ್ನೆ ಮಾಡಿ. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ ಮತ್ತು ಅಂಕಿ.

ಬಿಲ್ ಬಗ್ಗೆ ಜಗಳ ಆಯ್ತು, ಕಾರೇ ಕೊಡಲ್ಲ ಅಂತಿದ್ದಾರೆ. ಹಾಗೆ ಇಟ್ಟುಕೊಳ್ಳಬಹುದಾ?

ಒಪ್ಪಿ ಮಾಡಿಸಿದ ಕೆಲಸಕ್ಕೆ ದುಡ್ಡು ಬಾಕಿ ಇದ್ದರೆ ಇಟ್ಟುಕೊಳ್ಳಬಹುದು. 1872ರ ಕರಾರು ಕಾಯ್ದೆಯ 170ನೇ ಕಲಂ ಆ ಹಕ್ಕು ಕೊಡುತ್ತದೆ. ಅದೇ ಕಾಯ್ದೆಯ 151ನೇ ಕಲಂ ಪ್ರಕಾರ, ತಮ್ಮ ಕೈಗೆ ಕೊಟ್ಟ ವಸ್ತುವನ್ನು ಸ್ವಂತದ್ದರಂತೆ ಜೋಪಾನ ಮಾಡುವ ಹೊಣೆಯೂ ಅವರದೇ. ಒಪ್ಪಿಗೆ ಇಲ್ಲದೆ ಮಾಡಿದ ಕೆಲಸದ ಬಿಲ್ ಮಾತ್ರ ಬೇರೆ ವಿಷಯ. ಆಗ ನೀವು ಕಳಿಸಿದ ಆ ವಾಟ್ಸಾಪ್ ಮೆಸೇಜು ಕೆಲಸಕ್ಕೆ ಬರುತ್ತದೆ. ಕಾರು ತುರ್ತಾಗಿ ಬೇಕಿದ್ದರೆ 'ಆಕ್ಷೇಪಣೆ ಇಟ್ಟುಕೊಂಡು ಪಾವತಿಸುತ್ತಿದ್ದೇನೆ' ಎಂದು ಬಿಲ್ ಮೇಲೆ ಬರೆದು ಕೊಟ್ಟು ಕಾರು ತನ್ನಿ, ಆಮೇಲೆ ದೂರು ಕೊಡಿ.

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ವಿಷಯ ಅಲ್ಲೇ ಬಗೆಹರಿಯುತ್ತದೆ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಇರಲೇಬೇಕು ಅಂತಿಲ್ಲ.

ಗ್ಯಾರೇಜಿನವರಿಗೆ ನಮ್ಮ ಮೇಲೆ ಏನು ಬೇಸರ?

ಇದನ್ನು ಕೇಳುವವರು ಕಮ್ಮಿ, ಕೇಳಿದ್ದಕ್ಕೆ ಸಂತೋಷ. ಬೇರೆ ಕಡೆ ಬಿಚ್ಚಿ ಕೆಡಿಸಿದ್ದನ್ನು ಹೇಳದೆ ತಂದು ನಿಲ್ಲಿಸುತ್ತಾರೆ. ಬ್ರೇಕ್ ಕೆಲಸ ಮುಂದಿನ ತಿಂಗಳು ನೋಡೋಣ ಅನ್ನುತ್ತಾರೆ, ಸೀಟ್ ಕವರ್‌ಗೆ ಹನ್ನೆರಡು ಸಾವಿರ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಮೂರು ವಾರ ಕಾರು ತೆಗೆದುಕೊಂಡು ಹೋಗುವುದಿಲ್ಲ. ನಮ್ಮಲ್ಲಿ ಜಾಗವೇ ಎರಡು ಕಾರಿನದು. ಇವೆಲ್ಲಕ್ಕಿಂತ ನೋವಾಗುವುದು ಹುಡುಗರ ಜೊತೆ ಆಡುವ ಮಾತು. ಮೂವತ್ತೈದು ವರ್ಷದ, ಎರಡು ಮಕ್ಕಳ ತಂದೆಗೆ 'ಲೋ ಬಾರೋ ಇಲ್ಲಿ' ಅನ್ನುತ್ತಾರೆ. ಅವನು ಬಿಗಿದ ಬ್ರೇಕ್ ಬೋಲ್ಟ್ ಮೇಲೆ ನಂಬಿಕೆ ಇಟ್ಟು ನಿಮ್ಮ ಮನೆಯವರೆಲ್ಲ ಶಿರಾಡಿ ಘಾಟಿ ಇಳಿಯುತ್ತೀರಿ. ಹೆಸರು ಕೇಳಿ, ಹೆಸರಿನಿಂದ ಕರೆಯಿರಿ.

ಹದಿನೈದು ವರ್ಷದಿಂದ ಒಬ್ಬರೇ ಮೆಕ್ಯಾನಿಕ್. ಈಗ ಎಲೆಕ್ಟ್ರಿಕ್ ಕಾರು ತಗೊಂಡೆ. ಅವರನ್ನು ಬಿಡಬೇಕಾ?

ಪೂರ್ತಿ ಬಿಡಬೇಕಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಬ್ರೇಕ್ ಪ್ಯಾಡ್ ಕೂಡ ನಿಧಾನವಾಗಿ ಸವೆಯುತ್ತದೆ, ಮೋಟಾರೇ ವೇಗ ಕಮ್ಮಿ ಮಾಡುತ್ತದಲ್ಲ. ಆದರೆ ಟೈರ್, ಸಸ್ಪೆನ್ಷನ್ ಬುಷ್, ಲಿಂಕ್ ರಾಡ್, ವೀಲ್ ಬೇರಿಂಗ್, ಕ್ಯಾಬಿನ್ ಫಿಲ್ಟರ್ ಎಲ್ಲವೂ ಮಾಮೂಲಿ ಕಾರಿನಂತೆಯೇ. ಅವನ್ನು ನಿಮ್ಮ ಮೆಕ್ಯಾನಿಕ್ಕೇ ಮಾಡಲಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ತರಬೇತಿ ಇಲ್ಲದವರು ಮುಟ್ಟಬಾರದು, ಅವು ಹೈ ವೋಲ್ಟೇಜ್. ನಿಮ್ಮ ಮೆಕ್ಯಾನಿಕ್ 'ಇದು ನನಗೆ ಬರಲ್ಲ ಸರ್, ಕಂಪನಿಗೇ ತಗೊಂಡು ಹೋಗಿ' ಎಂದರೆ ಬೇಸರ ಮಾಡಿಕೊಳ್ಳಬೇಡಿ. ಹಾಗೆ ಹೇಳಿದವರ ನಂಬರ್ ಅನ್ನು ಫೋನಿನಿಂದ ಯಾವತ್ತೂ ಅಳಿಸಬೇಡಿ.